ತರ್ಕ ಬೇರೆ, ನಿಯಂತ್ರಣ ಬೇರೆ

ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಎರಡು ಸಂಗತಿಗಳು ಹೆಣೆದುಕೊಂಡಿರುತ್ತವೆ: ಸಮಸ್ಯೆಯ ಬಗ್ಗೆ ಯಾವುದು ನಿಜ ಎಂಬ ತರ್ಕ, ಆ ನಿಜಗಳನ್ನು ಯಾವ ಕ್ರಮದಲ್ಲಿ ಬಳಸಿ ಉತ್ತರ ತೆಗೆಯಬೇಕೆಂಬ ನಿಯಂತ್ರಣ. ಇವನ್ನು ಬಿಡಿಸಿಟ್ಟರೆ ಎರಡನೆಯದನ್ನು ಯಂತ್ರಕ್ಕೇ ವಹಿಸಲು ದಾರಿಯಾಗುತ್ತದೆ ಎಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ರಾಬರ್ಟ್ ಕೊವಾಲ್ಸ್ಕಿ 1979ರಲ್ಲಿ ವಾದಿಸಿದರು. ಅವರ ಪ್ರಬಂಧದ ಶೀರ್ಷಿಕೆಯೇ ಒಂದು ಸಮೀಕರಣ: ಅಲ್ಗಾರಿದಮ್ = ತರ್ಕ + ನಿಯಂತ್ರಣ.

ನಾಸಿಕ್ ರೋಡಿನಿಂದ ಛತ್ರಪತಿ ಸಂಭಾಜಿನಗರಕ್ಕೆ ರೈಲುಮಾರ್ಗವಿದೆಯೇ ಎಂಬ ಪ್ರಶ್ನೆಯನ್ನು ನೋಡಬಹುದು. ತರ್ಕಕ್ಕೆ ಎರಡೇ ನಿಯಮ ಸಾಕು. ನೇರ ಹಳಿಯಿರುವ ಊರನ್ನು ತಲುಪಬಹುದು. ನೇರ ಹಳಿಯಿರುವ ಊರಿನಿಂದ ಯಾವುದನ್ನು ತಲುಪಬಹುದೋ ಅದನ್ನೂ ತಲುಪಬಹುದು. ಸಣ್ಣ ನಿಲ್ದಾಣಗಳನ್ನು ಬಿಟ್ಟರೆ ನಡುವೆ ಸಿಗುವುದು ಮನ್ಮಾಡ್. ಅದು ಜಂಕ್ಷನ್ ಆದ್ದರಿಂದ ನಾಸಿಕ್ ಕಡೆಯಿಂದ ಹುಡುಕುತ್ತ ಬಂದವರಿಗೆ ಭುಸಾವಳ, ದೌಂಡ್ ದಿಕ್ಕಿನ ಕವಲುಗಳೂ ಎದುರಾಗುತ್ತವೆ. ಸಂಭಾಜಿನಗರದಿಂದ ಹಿಂದಕ್ಕೆ ಹುಡುಕಿದರೆ ಶ್ರಮದ ಲೆಕ್ಕವೇ ಬೇರೆ. ನಿಯಮಗಳಲ್ಲಿ ಮಾತ್ರ ಒಂದಕ್ಷರವೂ ಬದಲಾಗುವುದಿಲ್ಲ.

1972ರ ಸುಮಾರಿಗೆ ಮಾರ್ಸೆಯಲ್ಲಿ ಅಲೈನ್ ಕಾಲ್ಮೆರೋ ತಂಡ ರೂಪಿಸಿದ ಪ್ರೋಲಾಗ್ ಭಾಷೆ ಈ ಆದರ್ಶವನ್ನು ಅರ್ಧ ಮಾತ್ರ ಈಡೇರಿಸಿತು. ಅದು ನಿಯಮಗಳನ್ನು ಮೇಲಿನಿಂದ ಕೆಳಕ್ಕೆ, ಪ್ರತಿ ನಿಯಮವನ್ನು ಎಡದಿಂದ ಬಲಕ್ಕೆ ಓದುತ್ತದೆ. ಎರಡನೆಯ ನಿಯಮವನ್ನು ಮೊದಲಿಟ್ಟು, ಅದರಲ್ಲೂ ‘ತಲುಪಬಹುದು’ ಭಾಗವನ್ನು ‘ಹಳಿಯಿದೆ’ ಭಾಗಕ್ಕಿಂತ ಮುಂಚೆ ಬರೆದರೆ ತರ್ಕ ಕೆಡುವುದಿಲ್ಲ, ಯಂತ್ರ ಮಾತ್ರ ತನ್ನನ್ನೇ ಕೇಳಿಕೊಳ್ಳುತ್ತ ಸುತ್ತುತ್ತಲೇ ಇರುತ್ತದೆ. ಸಿಕ್ಕ ಉತ್ತರಗಳನ್ನು ಕೋಷ್ಟಕದಲ್ಲಿ ನೆನಪಿಟ್ಟುಕೊಳ್ಳುವ ವಿಧಾನ ಮುಂದೆ ಈ ಸುಳಿಯನ್ನು ತಪ್ಪಿಸಿತು.

ನಿಜವಾದ ಗೆಲುವು ಸಿಕ್ಕಿದ್ದು ದತ್ತಸಂಚಯಗಳಲ್ಲಿ. ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಹಾಕಿದ ಬುನಾದಿಯ ಮೇಲೆ ಬಂದ ಎಸ್‌ಕ್ಯೂಎಲ್‌ನಲ್ಲಿ ಏನು ಬೇಕೆಂದು ಹೇಳಿದರಾಯಿತು. ಹುಡುಕುವ ಯೋಜನೆಯನ್ನು ಆಪ್ಟಿಮೈಸರ್ ಆಯ್ದುಕೊಳ್ಳುತ್ತದೆ. ಪೆಟ್ರೀಷಿಯಾ ಸೆಲಿಂಜರ್ ತಂಡ ಇದರ ಮಾದರಿಯನ್ನು ಪ್ರಕಟಿಸಿದ್ದೂ 1979ರಲ್ಲೇ. ಆ ಆಯ್ಕೆಗಳನ್ನು ಬಣ್ಣದ ನಕ್ಷೆಯಾಗಿ ತೋರಿಸುವ ಸಾಧನವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಯಂತ್ ಹರಿತ್ಸ ತಂಡ ಸಿದ್ಧಪಡಿಸಿತು. ಕೆಲವು ನಕ್ಷೆಗಳು ಕ್ಯೂಬಿಸ್ಟ್ ಚಿತ್ರಗಳಂತೆ ಚೂರುಚೂರಾಗಿದ್ದವು; ಸಾಧನದ ಹೆಸರು ಪಿಕಾಸೊ. ಸ್ವಯಂಚಾಲನೆ ಎಂದರೆ ಯಾವಾಗಲೂ ಅತ್ಯುತ್ತಮ ಆಯ್ಕೆ ಎಂಬ ಭ್ರಮೆಗೆ ಇವು ಒಳ್ಳೆಯ ಮದ್ದು.

ಅದೇ ಸಂಸ್ಥೆಯ ಉದಯ್ ಬೊಂಧುಗುಲ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪಾಲಿಮೇಜ್, ಈ ವಿಭಜನೆಯನ್ನು ಚಿತ್ರಸಂಸ್ಕರಣೆಗೆ ಒಯ್ದಿತು. ಪ್ರತಿ ಹಂತದಲ್ಲಿ ಪಿಕ್ಸೆಲ್‌ನ ಬೆಲೆ ಏನೆಂದು ಮನುಷ್ಯ ಬರೆಯುತ್ತಾನೆ. ಚಿತ್ರವನ್ನು ತುಂಡು ಮಾಡುವುದು, ಹಂತಗಳನ್ನು ಬೆಸೆಯುವುದು, ಕೆಲಸವನ್ನು ಪ್ರೊಸೆಸರ್‌ನ ಕೋರ್‌ಗಳಿಗೆ ಹಂಚುವುದು ಕಂಪೈಲರ್‌ನ ಪಾಲಿಗೆ.