ಐದು ಲೈನು, ಇಪ್ಪತ್ತು ಫೋನು

ಬೆಂಗಳೂರಿನ ಹಳಬರ ಬಾಯಲ್ಲಿ ಎಕ್ಸ್‌ಟೆನ್ಷನ್ ಎಂದರೆ ಬಡಾವಣೆ. ಪೇಟೆಯ ಅಂಚಿನಾಚೆ 1892ರಲ್ಲಿ ಚಾಮರಾಜಪೇಟೆ ಎದ್ದಿತು. 1898ರಲ್ಲಿ ಪ್ಲೇಗು ಪೇಟೆಯನ್ನು ಹಿಂಡಿದಾಗ ಬಸವನಗುಡಿ, ಮಲ್ಲೇಶ್ವರಗಳು ಜನರಿಗೆ ತೆರೆದುಕೊಂಡವು. ಅದೇ ಬಡಾವಣೆಗಳ ಯಾವುದಾದರೂ ಶಾಲೆಯ ಆಫೀಸಿಗೋ ನರ್ಸಿಂಗ್ ಹೋಮಿಗೋ ಫೋನ್ ಮಾಡಿದರೆ ಈ ಮಾತಿಗೆ ಬೇರೆ ಅರ್ಥ. ‘ಅಕೌಂಟ್ಸಾ? ಎಕ್ಸ್‌ಟೆನ್ಷನ್ 23 ಒತ್ತಿ.’ ಅಲ್ಲಿ ಬೆಳೆದದ್ದು ಊರು, ಇಲ್ಲಿ ಬೆಳೆದದ್ದು ತಂತಿ. ಈ ಅಧ್ಯಾಯ ತಂತಿಯದು. ಆ ತಂತಿ ಈಗ ಕಣ್ಮರೆಯಾಗುತ್ತಿರುವುದರದು ಕೂಡ.

ಎಕ್ಸ್‌ಟೆನ್ಷನ್ ಎಂಬ ಉಪಾಯ ಆಫೀಸಿಗಿಂತ ಮೊದಲೇ ವಠಾರದಲ್ಲಿತ್ತು. ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ. ವಿಸಿಟಿಂಗ್ ಕಾರ್ಡಿನಲ್ಲಿ ನಂಬರಿನ ಪಕ್ಕ ‘ಪಿ.ಪಿ.’ ಎಂದು ಅಚ್ಚಾಗಿರುತ್ತಿತ್ತು. ಅಂದರೆ ಫೋನು ನಮ್ಮದಲ್ಲ, ಪಕ್ಕದ ಮನೆಯವರದು, ದಯವಿಟ್ಟು ಕರೆದುಕೊಡಿ. ವಠಾರದ ಮಾಲೀಕರ ಮನೆಯ ಕಪ್ಪು ಫೋನು ಗಣಗಣಿಸುತ್ತಿತ್ತು, ಮನೆಯ ಹುಡುಗ ಅಂಗಳ ದಾಟಿ ಓಡುತ್ತಿದ್ದ. ‘ರಾಯರೇ, ಮೈಸೂರಿಂದ ನಿಮ್ಮ ಮಗಳು!’ ರಾಯರು ಪಂಚೆ ಸರಿಮಾಡಿಕೊಂಡು ಬರುವ ತನಕ ರಿಸೀವರು ಕ್ರೋಷಾ ಬಟ್ಟೆಯ ಮೇಲೆ ಅಂಗಾತ ಬಿದ್ದಿರುತ್ತಿತ್ತು. ಇಂದಿನ ಮಾತಿನಲ್ಲಿ ಹೇಳುವುದಾದರೆ ರಿಸೀವರು ಬಿದ್ದಿದ್ದದ್ದು ‘ಹೋಲ್ಡ್’, ಹುಡುಗ ಓಡಿದ್ದು ‘ಟ್ರಾನ್ಸ್‌ಫರ್’. ಮಾಲೀಕರ ಹೆಂಡತಿ ಅಡುಗೆಮನೆಯಿಂದ ಎಲ್ಲ ಮಾತನ್ನೂ ಕೇಳಿಸಿಕೊಳ್ಳುತ್ತಿದ್ದರು. ಅದಕ್ಕೂ ಇಂದಿನ ವ್ಯವಸ್ಥೆಗಳಲ್ಲಿ ಹೆಸರಿದೆ, ‘ಕಾಲ್ ಮಾನಿಟರಿಂಗ್’.

ಫೋನ್ ವ್ಯವಸ್ಥೆ ಎಷ್ಟೇ ಬದಲಾದರೂ ಅದರ ಒಳಗೆ ಕೂತಿರುವ ಪ್ರಶ್ನೆ ಒಂದೇ: ಬಂದ ಕರೆಯನ್ನು ಯಾರ ಕೈಗೆ ಕೊಡಬೇಕೆಂದು ತೀರ್ಮಾನಿಸುವವರು ಯಾರು, ಅವರು ಕೂತಿರುವುದು ಎಲ್ಲಿ? ಮೊದಲು ಬೋರ್ಡಿನ ಮುಂದೆ ಆಪರೇಟರ್ ಇದ್ದರು. ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಅಲ್ಮನ್ ಸ್ಟ್ರೌಜರ್ ಎಂಬ ಶವಸಂಸ್ಕಾರದ ವ್ಯಾಪಾರಿಗೆ ಆಪರೇಟರ್ ಮೇಲೇ ಗುಮಾನಿ ಬಂತು, ತನಗೆ ಬರಬೇಕಾದ ಕರೆಗಳು ಎದುರಾಳಿಯ ಅಂಗಡಿಗೆ ಹೋಗುತ್ತಿವೆಯೆಂದು. ಗುಮಾನಿ ನಿಜವೋ ಸುಳ್ಳೋ, ಅದರಿಂದ ಹುಟ್ಟಿದ ಯಂತ್ರ ಮಾತ್ರ ನಿಜ. 1891ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು, ಮರುವರ್ಷ ಇಂಡಿಯಾನಾದ ಲಾ ಪೋರ್ಟ್ ಊರಿನಲ್ಲಿ ಮೊದಲ ಆಟೊಮ್ಯಾಟಿಕ್ ಎಕ್ಸ್‌ಚೇಂಜ್ ಕೆಲಸ ಶುರುಮಾಡಿತು. ಡಯಲ್ ಒಂದೊಂದು ಅಂಕಿ ತಿರುಗಿದಂತೆ ಎಕ್ಸ್‌ಚೇಂಜಿನಲ್ಲಿ ಒಂದು ಲೋಹದ ತೋಳು ಟಕಟಕನೆ ಮೆಟ್ಟಿಲೇರಿ ಹೊರಳುತ್ತಿತ್ತು.

ಆ ತೋಳುಗಳನ್ನು ನಮ್ಮ ದೇಶಕ್ಕೆ ಮಾಡಿಕೊಟ್ಟದ್ದು ಬೆಂಗಳೂರು. 1948ರಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಜನರ ಮಾತಿನಲ್ಲಿ ಐಟಿಐ, ಸ್ಟ್ರೌಜರ್ ಎಕ್ಸ್‌ಚೇಂಜುಗಳನ್ನೂ ಮನೆಮನೆಯ ಕಪ್ಪು ಫೋನನ್ನೂ ಮಾಡಿತು, ಆಮೇಲೆ ಕ್ರಾಸ್‌ಬಾರ್ ಎಂಬ ಮುಂದಿನ ಬಗೆಯ ಎಕ್ಸ್‌ಚೇಂಜಿಗೆ ಹೊರಳಿತು. ಕಾರ್ಖಾನೆಯ ಸುತ್ತ ಎದ್ದ ಬಡಾವಣೆಗೆ ದೂರವಾಣಿನಗರವೆಂದೇ ಹೆಸರು. ದೂರವಾಣಿ ಎಂಬ ಪದವನ್ನು ಮಾತಿನಲ್ಲಿ ಯಾರೂ ಬಳಸುವುದಿಲ್ಲವೆಂದು ದೂರುವವರು ಹಳೆ ಮದರಾಸು ರಸ್ತೆಯ ಬಸ್ಸು ಹತ್ತಿ ನೋಡಬೇಕು.

1984ರ ಆಗಸ್ಟ್‌ನಲ್ಲಿ ಸ್ಯಾಮ್ ಪಿತ್ರೋಡಾ ಅವರ ಮುಂದಾಳ್ತನದಲ್ಲಿ ಸಿ-ಡಾಟ್ ಎಂಬ ದೂರಸಂಪರ್ಕ ಸಂಶೋಧನಾ ಸಂಸ್ಥೆ ಹುಟ್ಟಿತು. 36 ತಿಂಗಳು, 36 ಕೋಟಿ ರೂಪಾಯಿ, ನಮ್ಮದೇ ಡಿಜಿಟಲ್ ಎಕ್ಸ್‌ಚೇಂಜ್ ಎಂಬುದು ಅದರ ಪಣ. ಅವರ ಮೊದಲ ಫಸಲುಗಳಲ್ಲೊಂದು 128 ಪೋರ್ಟಿನ ಪಿಬಿಎಕ್ಸ್, ಅಂದರೆ ಆಫೀಸಿನೊಳಗಿನ ಖಾಸಗಿ ಎಕ್ಸ್‌ಚೇಂಜ್. ಹಳ್ಳಿಗಳಿಗಾಗಿ ಮಾಡಿದ ರ‍್ಯಾಕ್ಸ್ ಎಂಬ ಎಕ್ಸ್‌ಚೇಂಜ್ 1986ರ ಜುಲೈನಲ್ಲಿ ಮೊದಲು ನೆಲೆಯೂರಿದ್ದು ನಮ್ಮ ಕಿತ್ತೂರಿನಲ್ಲಿ. ಏರ್‌ಕಂಡಿಷನ್ ಇಲ್ಲದೆ, ಸೆಕೆ ಧೂಳು ತಾಳಿಕೊಂಡು ಓಡಬೇಕೆಂಬುದೇ ಅದರ ವಿನ್ಯಾಸದ ಗುರಿ. ಸಿ-ಡಾಟ್ ತನ್ನ ತಂತ್ರಜ್ಞಾನವನ್ನು ಖಾಸಗಿ ತಯಾರಕರಿಗೂ ಕೊಟ್ಟಿತು. ಆ ಪಿಬಿಎಕ್ಸ್ ಇಪಿಎಬಿಎಕ್ಸ್ ಎಂಬ ಪೆಟ್ಟಿಗೆಯಾಗಿ ಲಾಡ್ಜು, ಕಲ್ಯಾಣಮಂಟಪ, ಆಸ್ಪತ್ರೆಗಳ ರಿಸೆಪ್ಷನ್ ಹಿಂದಿನ ಗೋಡೆ ಹತ್ತಿತು. ಸೊನ್ನೆ ಒತ್ತಿದರೆ ಹೊರಗಿನ ಲೈನು, ಒಂಬತ್ತು ಒತ್ತಿದರೆ ರಿಸೆಪ್ಷನ್ ಎಂಬುದನ್ನು ಮಕ್ಕಳೂ ಕಲಿತರು.

ವಿದ್ಯಾರ್ಥಿ ಭವನದ ಲೆಕ್ಕ

ಆ ಪೆಟ್ಟಿಗೆ ಮಾಡುವ ಮುಖ್ಯ ಕೆಲಸ ಜಿಪುಣತನ. ಇಪ್ಪತ್ತು ಜನರ ಆಫೀಸಿಗೆ ಇಪ್ಪತ್ತು ಲೈನು ಯಾಕೆ? ಎಲ್ಲರೂ ಒಟ್ಟಿಗೇ ಹೊರಗೆ ಮಾತಾಡುವುದಿಲ್ಲ. ಹಾಗಾದರೆ ಎಷ್ಟು ಬೇಕು? ಇದಕ್ಕೆ 1909ರಲ್ಲಿ ದಾರಿ ತೋರಿಸಿದವನು ಡೆನ್ಮಾರ್ಕಿನ ಎ. ಕೆ. ಎರ್ಲಾಂಗ್, ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಗಣಿತಜ್ಞ. ಅವನ ಹೆಸರೇ ಈಗ ಮಾತಿನ ಭಾರದ ಅಳತೆ. ಇಪ್ಪತ್ತು ಜನರಲ್ಲಿ ಒಬ್ಬೊಬ್ಬರು ಗಂಟೆಗೆ ಸರಾಸರಿ 6 ನಿಮಿಷ ಹೊರಗೆ ಮಾತಾಡಿದರೆ ಒಟ್ಟು 120 ನಿಮಿಷ, ಅಂದರೆ 2 ಎರ್ಲಾಂಗ್. ಎರಡೇ ಲೈನು ಸಾಕೆನ್ನಬೇಡಿ. ಕರೆಗಳು ಶಿಸ್ತಾಗಿ ಒಂದರ ಹಿಂದೊಂದು ಬರುವುದಿಲ್ಲ, ಗುಂಪುಗುಂಪಾಗಿ ನುಗ್ಗುತ್ತವೆ. ಎರ್ಲಾಂಗನ ಸೂತ್ರದ ಪ್ರಕಾರ ಎರಡು ಲೈನಿದ್ದರೆ ನೂರರಲ್ಲಿ ನಲವತ್ತು ಕರೆಗೆ ‘ಎಂಗೇಜ್’ ಟೋನು. ಐದು ಲೈನಿದ್ದರೆ ಹೆಚ್ಚುಕಡಿಮೆ ನಾಲ್ಕಕ್ಕೆ, ಆರಿದ್ದರೆ ಒಂದಕ್ಕೆ. ಆರನೆಯ ಲೈನಿಗೆ ತಿಂಗಳ ಬಾಡಿಗೆ ಕಟ್ಟಬೇಕೋ ಬೇಡವೋ ಎಂಬುದನ್ನು ಆಮೇಲೆ ಮಾಲೀಕರೇ ಯೋಚಿಸಲಿ. ಹಳೆಯ ಲೆಟರ್‌ಹೆಡ್‌ಗಳಲ್ಲಿ ನಂಬರಿನ ಮುಂದೆ ‘5 ಲೈನುಗಳು’ ಎಂದಿರುತ್ತಿತ್ತಲ್ಲ, ಅದು ಹಂಟಿಂಗ್ ಸೌಲಭ್ಯ: ಒಂದೇ ನಂಬರಿಗೆ ಹೊಡೆದರೂ ಎಕ್ಸ್‌ಚೇಂಜ್ ಐದರಲ್ಲಿ ಖಾಲಿ ಇರುವ ಲೈನನ್ನು ಹುಡುಕಿಕೊಡುತ್ತಿತ್ತು.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಗೊತ್ತಿದ್ದವರಿಗೆ ಇದು ಹೊಸದೇನಲ್ಲ. 1943ರಿಂದ ಇರುವ ಆ ಹೋಟೆಲಿಗೆ ಭಾನುವಾರ ಬರುವ ಜನ ಎಷ್ಟು, ಒಳಗಿನ ಕುರ್ಚಿ ಎಷ್ಟು! ಅಲ್ಲಿ ಜನ ಹೊರಗೆ ಹೆಸರು ಬರೆಸಿ ಕಾಯುತ್ತಾರೆ. ಹಳೆಯ ಇಪಿಎಬಿಎಕ್ಸ್ ಕಾಯಿಸುವುದಿಲ್ಲ, ಕುರ್ಚಿ ಇಲ್ಲವೆಂದರೆ ಅಲ್ಲಿಗೇ ಕಳಿಸಿಬಿಡುತ್ತದೆ. ಕಾಲ್‌ಸೆಂಟರ್ ವ್ಯವಸ್ಥೆ ಮಾತ್ರ ವಿದ್ಯಾರ್ಥಿ ಭವನದ ಜಾತಿ, ಸರದಿ ಹಿಡಿಯುತ್ತದೆ. ಅದರ ಲೆಕ್ಕಕ್ಕೂ ಎರ್ಲಾಂಗನದೇ ಇನ್ನೊಂದು ಸೂತ್ರವಿದೆ. ವ್ಯತ್ಯಾಸವೆಂದರೆ ಗಾಂಧಿ ಬಜಾರಿನಲ್ಲಿ ಕಾಯುವವರಿಗೆ ತುಪ್ಪದ ಘಮವಾದರೂ ಸಿಗುತ್ತದೆ, ಇಲ್ಲಿ ಸಿಗುವುದು ‘ನಿಮ್ಮ ಕರೆ ನಮಗೆ ಮುಖ್ಯ’ ಎಂಬ ಧ್ವನಿ.

ಪೆಟ್ಟಿಗೆ ಗೋಡೆಯಿಂದ ಇಳಿದದ್ದು

ಮಾತನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ನಲ್ಲಿ ಬರೆದರೆ ಸೆಕೆಂಡಿಗೆ 64,000 ಬಿಟ್. ಡಿಜಿಟಲ್ ಎಕ್ಸ್‌ಚೇಂಜ್ ಇದನ್ನು ಒಂದು ಕರೆಗೆ ಮೀಸಲಾದ ಹಾದಿಯಲ್ಲಿ ಕಳಿಸುತ್ತದೆ. ನೀವು ಸುಮ್ಮನಿದ್ದರೂ ಹಾದಿ ನಿಮ್ಮದೇ. ಇಂಟರ್‌ನೆಟ್ ಫೋನು ಅದೇ ಮಾತನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಚೂರುಗಳಾಗಿ ಕತ್ತರಿಸಿ, ಒಂದೊಂದು ಚೂರಿಗೂ ವಿಳಾಸ ಬರೆದು, ಇಮೇಲು ಸಿನಿಮಾಗಳ ಜೊತೆಗೇ ರಸ್ತೆಗಿಳಿಸುತ್ತದೆ. ಸೆಕೆಂಡಿಗೆ ಐವತ್ತು ಚೂರು. ಬಾಯಿಂದ ಕಿವಿಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಹರಟೆ ಸಲೀಸು. ತಡವಾದರೆ ಇಬ್ಬರೂ ಒಟ್ಟಿಗೆ ಮಾತಾಡಿ, ಒಟ್ಟಿಗೆ ನಿಲ್ಲಿಸಿ, ‘ನೀವು ಹೇಳಿ, ನೀವು ಹೇಳಿ’ ಶುರುವಾಗುತ್ತದೆ.

ಕರೆ ಎಬ್ಬಿಸಿ, ಸೇರಿಸಿ, ಮುಗಿಸುವ ಶಿಷ್ಟಾಚಾರಕ್ಕೆ ಸಿಪ್ ಎಂದು ಹೆಸರು. 1999ರಲ್ಲಿ ಅದರ ಮೊದಲ ಮಾನಕ ಬಂತು, 2002ರಲ್ಲಿ ಪರಿಷ್ಕಾರವಾಯಿತು. ಅದೇ 1999ರಲ್ಲಿ ಮಾರ್ಕ್ ಸ್ಪೆನ್ಸರ್ ಎಂಬ ತರುಣ ದುಬಾರಿ ಪಿಬಿಎಕ್ಸ್ ಕೊಳ್ಳಲಾಗದೆ ‘ಆಸ್ಟರಿಸ್ಕ್’ ಎಂಬ ತಂತ್ರಾಂಶ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ. ಹಳೇ ಕಂಪ್ಯೂಟರೊಂದು ಇಡೀ ಆಫೀಸಿನ ಎಕ್ಸ್‌ಚೇಂಜ್ ಆಗಬಹುದೆಂದು ಗೊತ್ತಾದ ಮೇಲೆ ಗೋಡೆಯ ಪೆಟ್ಟಿಗೆಗೆ ಉಳಿಗಾಲವಿರಲಿಲ್ಲ. ಆ ಕಂಪ್ಯೂಟರೂ ಆಫೀಸಿನಲ್ಲೇ ಇರಬೇಕೆಂದೇನಿಲ್ಲ, ಮುಂಬಯಿಯ ಡೇಟಾ ಸೆಂಟರಿನಲ್ಲಿದ್ದರೂ ಸರಿ. ಇದೇ ಕ್ಲೌಡ್ ಪಿಬಿಎಕ್ಸ್. ಅದಕ್ಕೆ ಚಾಟು, ವಿಡಿಯೊ ಸಭೆ, ವಾಯ್ಸ್‌ಮೇಲು, ‘ಈಗ ಸೀಟಿನಲ್ಲಿದ್ದಾರೆ’ ಎಂದು ತೋರಿಸುವ ಹಸಿರು ಚುಕ್ಕಿ ಸೇರಿಕೊಂಡರೆ ಮಾರುವವರು ಯೂನಿಫೈಡ್ ಕಮ್ಯುನಿಕೇಷನ್ಸ್ ಎನ್ನುತ್ತಾರೆ. ಎಲ್ಲ ಬಗೆಯ ಮಾತನ್ನೂ ಒಂದೇ ಬಾಗಿಲಿಗೆ ತರುವುದು ಅಂದರೆ ಸಾಕು. ಹಸಿರು ಚುಕ್ಕಿಯ ಬಗ್ಗೆ ನನಗೆ ವಠಾರದ ಅಡುಗೆಮನೆ ಕಿವಿಯಷ್ಟೇ ಅನುಮಾನ.

ಈ ಹೊಸ ವ್ಯವಸ್ಥೆಗೆ ಬೆಂಗಳೂರು ತನ್ನದೇ ಒಗ್ಗರಣೆ ಹಾಕಿದೆ. ದುಡ್ಡಿಲ್ಲದೆ ಸುದ್ದಿ ಮುಟ್ಟಿಸುವ ನಮ್ಮ ಮಿಸ್ಡ್ ಕಾಲ್ ಚಾಳಿಯನ್ನೇ ವ್ಯಾಪಾರ ಮಾಡಿಕೊಂಡ ಜಿಪ್‌ಡಯಲ್ ಇಲ್ಲಿನದು. 2015ರ ಜನವರಿಯಲ್ಲಿ ಟ್ವಿಟರ್ ಅದನ್ನು ಕೊಂಡುಕೊಂಡಿತು. 2011ರಲ್ಲಿ ಶುರುವಾದ ಎಕ್ಸೋಟೆಲ್ ಕೂಡ ಇಲ್ಲಿನದೇ. ಆಟೋದವರಿಗೆ, ಡೆಲಿವರಿ ಹುಡುಗರಿಗೆ ನಿಮ್ಮ ನಿಜವಾದ ನಂಬರು ಕಾಣದಂತೆ ನಡುವೆ ಇನ್ನೊಂದು ನಂಬರು ನಿಲ್ಲುತ್ತದಲ್ಲ, ಅದು ಇಂಥ ಕ್ಲೌಡ್ ಟೆಲಿಫೋನಿಯ ಕೈಚಳಕ.

ಇಷ್ಟೆಲ್ಲ ತಂತ್ರವಿದ್ದರೂ ಕಾನೂನು ಬಹುಕಾಲ ಅಡ್ಡಗಾಲು ಹಾಕಿತ್ತು. ಬೆಂಗಳೂರಿನ ಗ್ರಾಹಕ ಲ್ಯಾಂಡ್‌ಲೈನಿಗೆ ಮಾಡಿದ ಕರೆಯನ್ನು ಕಂಪನಿ ತನ್ನ ಇಂಟರ್‌ನೆಟ್ ಹಾದಿಯಲ್ಲಿ ಪುಣೆಗೆ ಒಯ್ದು ಅಲ್ಲಿನ ಫೋನ್ ಜಾಲಕ್ಕೆ ಇಳಿಸಿದರೆ ಎಸ್‌ಟಿಡಿ ದುಡ್ಡು ತಪ್ಪಿತು. ಇದಕ್ಕೆ ಟೋಲ್ ಬೈಪಾಸ್ ಎಂದು ಹೆಸರು, ಇದು ನಿಷಿದ್ಧ. ಹಾಗಾಗಿ ಒಂದೇ ಮೇಜಿನ ಮೇಲೆ ಒಳಗಿನ ಕರೆಗೊಂದು, ಹೊರಗಿನ ಕರೆಗೊಂದು ಫೋನು ಇಟ್ಟ ಐಟಿ ಆಫೀಸುಗಳಿದ್ದವು. ವಿದೇಶಿ ಕಂಪನಿಗಳು ಭಾರತಕ್ಕೆಂದೇ ತಮ್ಮ ತಂತ್ರಾಂಶದೊಳಗೆ ಬೇಲಿ ಕಟ್ಟಿಕೊಟ್ಟವು. ಕೊರೊನಾ ಎಲ್ಲರನ್ನೂ ಮನೆಗೆ ಕಳಿಸಿದ ಮೇಲೆ ನಿಯಮ ಸಡಿಲವಾಯಿತು. 2020ರ ನವೆಂಬರ್ 5ರಂದು ಕಾಲ್‌ಸೆಂಟರ್ ಮೊದಲಾದವುಗಳಿಗೆ ನೋಂದಣಿಯ ಅಗತ್ಯ ಹೋಯಿತು. 2021ರ ಜೂನ್ 23ರಂದು ಅವುಗಳ ಇಪಿಎಬಿಎಕ್ಸ್ ಪ್ರಪಂಚದ ಎಲ್ಲಿ ಬೇಕಾದರೂ ಇರಬಹುದೆಂದಾಯಿತು.

ಸಣ್ಣ ವ್ಯಾಪಾರಿಗೆ ಮುಟ್ಟುವ ಮಾತು ನಂಬರಿನದು. ಬೆಂಗಳೂರಿನ ಬಿಎಸ್ಸೆನ್ನೆಲ್ ನಂಬರಿನ ಮೊದಲ 2 ಬಿಟ್ಟು ಮುಂದಿನ ಎರಡಂಕಿ ನೋಡಿ: 66 ಇದ್ದರೆ ಬಸವನಗುಡಿ, ಜಯನಗರದ ಕಡೆಯವರು, 33 ಇದ್ದರೆ ಮಲ್ಲೇಶ್ವರ, ರಾಜಾಜಿನಗರದ ಕಡೆಯವರು. ನಂಬರು ಹೇಳಿದರೆ ಮನೆ ದಾರಿ ಅರ್ಧ ಹೇಳಿದಂತೆ. ಚಾಮರಾಜಪೇಟೆಯ ಅಂಗಡಿಗೆ ನಲವತ್ತು ವರ್ಷದ ನಂಬರೆಂದರೆ ಬೋರ್ಡಿನಷ್ಟೇ ಬೆಲೆಯ ಆಸ್ತಿ. ಮೊಬೈಲ್ ನಂಬರನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯುವ ಸೌಕರ್ಯ 2011ರ ಜನವರಿಯಿಂದ ದೇಶಕ್ಕೆಲ್ಲ ಇದೆ. ಲ್ಯಾಂಡ್‌ಲೈನಿಗೆ ಅದು ಇಲ್ಲ. ಅದೇ ಕಂಪನಿಯ ತಾಮ್ರದಿಂದ ಫೈಬರಿಗೆ ಹೋದರೆ ಹಳೆಯ ನಂಬರು ಉಳಿಯಬಹುದು, ಕಂಪನಿ ಬದಲಿಸಿದರೆ ಉಳಿಯದು. ಕ್ಲೌಡ್ ಕಂಪನಿ ಕೊಡುವ ಹೊಸ ನಂಬರು ಕೂಡ, ಬಿಟ್ಟು ಹೊರಟ ದಿನ ಯಾರ ಪಾಲಿಗೆ ಎಂಬುದನ್ನು ಕರಾರಿನಲ್ಲಿ ಓದಿಯೇ ಸಹಿ ಹಾಕಬೇಕು.

ಇನ್ನೊಂದು ಪ್ರಸಂಗ ನನ್ನ ಕಣ್ಣೆದುರೇ ನಡೆದದ್ದು. ಮಲ್ಲೇಶ್ವರದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ತಾಮ್ರದ ತಂತಿ ತೆಗೆಸಿ ಫೈಬರ್ ಹಾಕಿಸಿದರು. ಮೊದಲ ಮಳೆಗೆ ಕರೆಂಟು ಹೋಯಿತು, ಫೋನೂ ಹೋಯಿತು. ಡಾಕ್ಟರಿಗೆ ಸಿಟ್ಟು: ಮೂವತ್ತು ವರ್ಷದಲ್ಲಿ ಕರೆಂಟು ಹೋದಾಗ ಫೋನು ಹೋದದ್ದೇ ಇಲ್ಲ! ಅವರದು ನಿಜ. ತಾಮ್ರದ ತಂತಿ ಮಾತಿನ ಜೊತೆಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಕರೆಂಟನ್ನೂ ತರುತ್ತಿತ್ತು. ಫೈಬರಿನಲ್ಲಿ ಬರುವುದು ಬೆಳಕು ಮಾತ್ರ. ನಿಮ್ಮ ಪೆಟ್ಟಿಗೆಗೆ ಕರೆಂಟು ನೀವೇ ಕೊಡಬೇಕು. ಸಣ್ಣದೊಂದು ಯುಪಿಎಸ್ ಸಾಕಿತ್ತು, ಯಾರೂ ಹೇಳಿರಲಿಲ್ಲ. 2027ರ ಜನವರಿಯೊಳಗೆ ಹಳೆಯ ಫೋನ್ ಜಾಲವನ್ನು ಪೂರ್ತಿ ನಿಲ್ಲಿಸಲು ಹೊರಟಿರುವ ಬ್ರಿಟನ್ನಿನಲ್ಲೂ ಒಂಟಿ ಮುದುಕರ ವಿಷಯದಲ್ಲಿ ಇದೇ ತಲೆನೋವು.

ಕೊನೆಗೆ ಸೊನ್ನೆಯ ಮಾತು. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಹೊಡೆಯುವಾಗ ಮೊದಲು 0 ಒತ್ತಬೇಕು. ಇಪಿಎಬಿಎಕ್ಸ್ ಇದ್ದರೆ ಹೊರಗಿನ ಲೈನಿಗೆ ಒಂದು, ಮೊಬೈಲಿಗೆ ಇನ್ನೊಂದು, ಒಟ್ಟು ಎರಡು ಸೊನ್ನೆ. ನೆಂಟರ ಮನೆಗಾದರೆ ತಪ್ಪಿದರೂ ನಗಬಹುದು, ತುರ್ತು ಕರೆಯಲ್ಲಿ ಹಾಗಲ್ಲ. 2013ರಲ್ಲಿ ಅಮೆರಿಕದ ಟೆಕ್ಸಾಸಿನ ಮೋಟೆಲೊಂದರ ಕೋಣೆಯಲ್ಲಿ ತಾಯಿಯ ಮೇಲೆ ಹಲ್ಲೆಯಾಗುತ್ತಿದ್ದಾಗ ಒಂಬತ್ತು ವರ್ಷದ ಮಗಳು ನಾಲ್ಕು ಸಲ ಅಲ್ಲಿನ ತುರ್ತು ನಂಬರು 911 ಒತ್ತಿದಳು. ಕರೆ ಹೋಗಲಿಲ್ಲ, ಹೊರಗಿನ ಲೈನಿಗೆ ಮೊದಲು 9 ಒತ್ತಬೇಕೆಂದು ಆ ಮಗುವಿಗೆ ಗೊತ್ತಿರಲಿಲ್ಲ. ತಾಯಿ ಬದುಕಲಿಲ್ಲ. ಆಮೇಲೆ ಅಲ್ಲಿ ಕಾನೂನೇ ಬಂತು, 2020ರಿಂದ ಹೊಸ ಆಫೀಸ್ ಫೋನುಗಳಲ್ಲಿ ತುರ್ತು ಕರೆಗೆ ಯಾವ ಮುನ್ನಂಕಿಯೂ ಬೇಕಾಗಕೂಡದೆಂದು.

ನಿಮ್ಮ ಶಾಲೆ, ಕ್ಲಿನಿಕ್ಕು, ಅಂಗಡಿಯ ಇಪಿಎಬಿಎಕ್ಸ್ ನೋಡಿಕೊಳ್ಳುವವರು ಮುಂದಿನ ಸಲ ಬಂದಾಗ ನಮ್ಮ ತುರ್ತು ನಂಬರಿನ ಬಗ್ಗೆ ಒಂದೇ ಮಾತು ಕೇಳಿ: ‘ಸೊನ್ನೆ ಒತ್ತದೆ 112 ಹೋಗುತ್ತದೆಯೇ?’ ಹೋಗುವುದಿಲ್ಲ ಎಂದರೆ ಅವರನ್ನು ಅಂದೇ ಕೂರಿಸಿ ಸರಿಮಾಡಿಸಿಕೊಳ್ಳಿ.