ಬೆಂಗಳೂರಿನಿಂದ ಸಮ್ಮೇದ ಶಿಖರ್ಜಿ: ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

24 ತೀರ್ಥಂಕರರಲ್ಲಿ 20 ಮಂದಿ ಮೋಕ್ಷ ಪಡೆದ ಸಿದ್ಧಕ್ಷೇತ್ರ ಶ್ರೀ ಸಮ್ಮೇದ ಶಿಖರ್ಜಿ. ಇದು ಜಾರ್ಖಂಡ್ ರಾಜ್ಯದ ಗಿರಿಡಿ ಜಿಲ್ಲೆಯಲ್ಲಿದೆ. ಕರ್ನಾಟಕದ ಯಾತ್ರಿಕರಲ್ಲಿ ಅನೇಕರು, ಮುಖ್ಯವಾಗಿ ಹಿರಿಯರನ್ನು ಕರೆದೊಯ್ಯುವವರು, ರಾಂಚಿಯವರೆಗೆ ವಿಮಾನದಲ್ಲಿ ಹೋಗಿ ಅಲ್ಲಿಂದ ರಸ್ತೆ ಹಿಡಿಯುತ್ತಾರೆ.

ದೂರ ಮತ್ತು ಹಾರಾಟದ ಸಮಯ

ಬೆಂಗಳೂರು ಮತ್ತು ರಾಂಚಿ ನಡುವಿನ ನೇರ ವಾಯುದೂರ ಸುಮಾರು 1,380 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದಲ್ಲಿ ಲೆಕ್ಕ ಹಾಕಿದರೆ ಒಂದೂಮುಕ್ಕಾಲು ಗಂಟೆ ಸಾಕು. ಆದರೆ ವಿಮಾನ ಮೇಲೇರುವಾಗ, ಇಳಿಯುವಾಗ ವೇಗ ಕಡಿಮೆ. ವಾಯುಮಾರ್ಗವೂ ಗೆರೆ ಎಳೆದಂತೆ ನೇರವಾಗಿರುವುದಿಲ್ಲ. ನೆಲದ ಮೇಲೆ ಚಲಿಸುವ ಹೊತ್ತೂ ಸೇರಿ ಟಿಕೆಟ್‌ನಲ್ಲಿ ಸುಮಾರು ಎರಡೂವರೆ ಗಂಟೆ ಎಂದಿರುತ್ತದೆ.

ಮನೆಯಿಂದ ಮಧುಬನದವರೆಗೆ

ಬೆಟ್ಟದ ಬುಡದ ಮಧುಬನದಲ್ಲಿ ಧರ್ಮಶಾಲೆಗಳಿವೆ. ರಾಂಚಿಯಿಂದ ಅಲ್ಲಿಗೆ ಸುಮಾರು 150 ಕಿ.ಮೀ.; ಕಾರಿನಲ್ಲಿ ನಾಲ್ಕರಿಂದ ನಾಲ್ಕೂವರೆ ಗಂಟೆ. ನಗರದಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಒಂದೂವರೆ ಗಂಟೆ, ಅಲ್ಲಿ ತಪಾಸಣೆಗೆ ಎರಡು ಗಂಟೆ, ರಾಂಚಿಯಲ್ಲಿ ಸಾಮಾನು ಪಡೆದು ಹೊರಬರಲು ಮುಕ್ಕಾಲು ಗಂಟೆ ಇಟ್ಟುಕೊಂಡರೆ ಒಟ್ಟು ಪ್ರಯಾಣ ಸುಮಾರು ಹನ್ನೊಂದು ಗಂಟೆಯಾಗುತ್ತದೆ. ಹುಬ್ಬಳ್ಳಿ, ಬೆಳಗಾವಿ, ಮಂಗಳೂರು ಕಡೆಯವರು ಬೆಂಗಳೂರಿಗೆ ಬರುವ ಸಮಯವನ್ನೂ ಸೇರಿಸಿಕೊಳ್ಳಬೇಕು.

ಸೂರ್ಯಾಸ್ತದ ಲೆಕ್ಕ

ರಾತ್ರಿ ಭೋಜನ ತ್ಯಾಗ ಮಾಡಿದ ಶ್ರಾವಕ ಶ್ರಾವಕಿಯರು ಇಲ್ಲೊಂದು ವಿಷಯ ಗಮನಿಸಬೇಕು. ರಾಂಚಿ ಬೆಂಗಳೂರಿಗಿಂತ ಪೂರ್ವಕ್ಕೂ ಉತ್ತರಕ್ಕೂ ಇದೆ. ಗಡಿಯಾರದ ಸಮಯ ಒಂದೇ ಆದರೂ ಸೂರ್ಯಾಸ್ತದ ಸಮಯ ಬೇರೆ. ಡಿಸೆಂಬರ್ ಮಧ್ಯಭಾಗದಲ್ಲಿ ಬೆಂಗಳೂರಿನಲ್ಲಿ ಸುಮಾರು 5.55ಕ್ಕೆ ಸೂರ್ಯ ಮುಳುಗಿದರೆ, ರಾಂಚಿಯಲ್ಲಿ 5.05ಕ್ಕೇ ಮುಳುಗುತ್ತಾನೆ. ಐವತ್ತು ನಿಮಿಷಗಳ ಅಂತರ! ಜೂನ್‌ನಲ್ಲಿ ಇದು ಹತ್ತು ನಿಮಿಷಕ್ಕೆ ಇಳಿಯುತ್ತದೆ.

ಬೆಳಗ್ಗೆ 7ರ ವಿಮಾನ ಹತ್ತಿದವರು ಮಧ್ಯಾಹ್ನ 3ರೊಳಗೆ ಮಧುಬನ ತಲುಪಿ, ಸ್ನಾನ ಮುಗಿಸಿ, ಹೊತ್ತಿರುವಾಗಲೇ ಊಟ ಮಾಡಬಹುದು. 12ರ ವಿಮಾನ ಹಿಡಿದರೆ ತಲುಪುವಾಗ ರಾತ್ರಿ 7 ದಾಟುತ್ತದೆ. ಚಳಿಗಾಲದಲ್ಲಿ ದಾರಿಯಲ್ಲೇ ಸೂರ್ಯ ಮುಳುಗಿರುತ್ತಾನೆ. ಅಂಥವರು ಮನೆಯ ಬುತ್ತಿ ಜೊತೆಗಿಟ್ಟುಕೊಂಡು ಸಂಜೆ 4.30ರೊಳಗೆ ಊಟ ಮುಗಿಸುವುದು ಕ್ಷೇಮ. ವಿಮಾನದಲ್ಲಿ ಜೈನ ಆಹಾರ ಬೇಕಿದ್ದರೆ, ಆ ಸೌಲಭ್ಯವಿದೆಯೇ ಎಂದು ಟಿಕೆಟ್ ಕಾಯ್ದಿರಿಸುವಾಗಲೇ ನೋಡಿ ಹೇಳಿಡಬೇಕು.

ವಂದನೆಗೆ ಮುನ್ನ ವಿಶ್ರಾಂತಿ

ಪರ್ವತ ವಂದನೆಯ ದಾರಿ ಒಟ್ಟು 27 ಕಿ.ಮೀ.: ಹತ್ತಲು 9, ಟೋಂಕ್‌ಗಳ ದರ್ಶನಕ್ಕೆ 9, ಇಳಿಯಲು 9. ನಡೆಯಲಾಗದವರಿಗೆ ಡೋಲಿ ಸಿಗುತ್ತದೆ. ಹೆಚ್ಚಿನವರು ನಸುಕಿಗೂ ಮುಂಚೆಯೇ ಹೊರಡುತ್ತಾರೆ. ತಡವಾಗಿ, ಉಪವಾಸದಲ್ಲಿ ಬಂದಿಳಿದ ಹಿರಿಯರು ಅದೇ ರಾತ್ರಿ ಹತ್ತಲು ಹೊರಟರೆ ತುಂಬಾ ಆಯಾಸವಾಗುತ್ತದೆ. ಆದ್ದರಿಂದ ನಡುವೆ ಒಂದು ದಿನ ಬಿಡುವು ಇರಲಿ.

ಹಿಂದಿರುಗುವಾಗಲೂ ಇದೇ ಎಚ್ಚರ ಬೇಕು. ವಂದನೆ ಮುಗಿದ ದಿನವೇ ವಿಮಾನ ಇಟ್ಟುಕೊಳ್ಳಬಾರದು. ಡಿಸೆಂಬರ್, ಜನವರಿಯಲ್ಲಿ ಮಂಜಿನಿಂದ ವಿಮಾನಗಳು ತಡವಾಗುವುದುಂಟು. ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ಧರ್ಮಶಾಲೆಯ ಕೋಣೆ ಗೊತ್ತುಮಾಡುವ ಮೊದಲು ನೇರ ವಿಮಾನದ ದಿನ, ಸಮಯ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.