ರೋಗ ಮೂಸುವ ನಾಯಿಯೂ ಅದರ ತದ್ರೂಪಿಯೂ

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬೇಕೆಂದು ಹಳೆಯ ವಿದ್ಯಾರ್ಥಿಗಳು ಕೇಳಿದರು. ಶಾಲೆಯ ಇತಿಹಾಸ ಬರೆಯಲು ಸಮರ್ಥರು ಬೇರೆ ಇರುವುದರಿಂದ, ಬಹುದಿನಗಳಿಂದ ನನ್ನನ್ನು ಕಾಡುತ್ತಿರುವ ಒಂದು ವಿಷಯವನ್ನು ಎತ್ತಿಕೊಂಡಿದ್ದೇನೆ.

ನಾಯಿ ಮೂಸಿ ರೋಗ ತಿಳಿಸುವುದು ಕಟ್ಟುಕಥೆಯಲ್ಲ. ಜಪಾನಿನ ಒಂದು ಲ್ಯಾಬ್ರಡಾರ್ ನಾಯಿಯು ಕರುಳಿನ ಕ್ಯಾನ್ಸರನ್ನು ಉಸಿರಿನ ಪರೀಕ್ಷೆಯಲ್ಲಿ 36ರಲ್ಲಿ 33 ಸಲ, ಮಲದ ಪರೀಕ್ಷೆಯಲ್ಲಿ 38ರಲ್ಲಿ 37 ಸಲ ಸರಿಯಾಗಿ ಗುರುತಿಸಿತೆಂದು 2011ರಲ್ಲಿ ಪ್ರಕಟವಾಯಿತು. ಅದೇ ದೇಶದಲ್ಲಿ ಇಂಥದೇ ಕೆಲಸ ಮಾಡುತ್ತಿದ್ದ ಮರೀನ್ ಎಂಬ ನಾಯಿ ಗರ್ಭಕೋಶದ ಕಾಯಿಲೆಯಿಂದ ಮರಿ ಹಾಕಲಾರದಾಯಿತು. 2008ರಲ್ಲಿ ದಕ್ಷಿಣ ಕೊರಿಯಾದ ವಿಜ್ಞಾನಿಗಳು ಅದರ ನಾಲ್ಕು ತದ್ರೂಪಿ ಮರಿಗಳನ್ನು ಹುಟ್ಟಿಸಿದರು.

ಕ್ರಮ ಹೀಗಿದೆ. ಒಂದು ಹೆಣ್ಣುನಾಯಿಯ ಅಂಡಾಣುವಿನಿಂದ ಕೋಶಕೇಂದ್ರವನ್ನು ತೆಗೆದು, ಬೇಕಾದ ನಾಯಿಯ ಚರ್ಮದ ಕೋಶವನ್ನು ಅದರಲ್ಲಿರಿಸಿ, ವಿದ್ಯುತ್ತಿನಿಂದ ಬೆಸೆದು, ಬಾಡಿಗೆ ತಾಯಿಯಾದ ಮತ್ತೊಂದು ನಾಯಿಯ ಒಡಲಲ್ಲಿ ಇಡುತ್ತಾರೆ. 2005ರಲ್ಲಿ ಜಗತ್ತಿನ ಮೊದಲ ತದ್ರೂಪಿ ನಾಯಿ ಸ್ನಪ್ಪಿ ಹುಟ್ಟಲು 1095 ಭ್ರೂಣಗಳನ್ನು 123 ನಾಯಿಗಳಲ್ಲಿ ಇರಿಸಲಾಗಿತ್ತು. ಗರ್ಭ ನಿಂತದ್ದು ಮೂರರಲ್ಲಿ. ಹುಟ್ಟಿದ್ದು ಎರಡು ಮರಿ. ಒಂದು 22 ದಿನಕ್ಕೆ ನ್ಯುಮೋನಿಯಾದಿಂದ ಸತ್ತಿತು. ಉಳಿದ ತಾಯಿನಾಯಿಗಳ ಹೆಸರನ್ನು ಯಾರೂ ಬರೆದಿಡಲಿಲ್ಲ.

ನನ್ನ ಧರ್ಮಪತ್ನಿಯ ಕರುಳಿನ ರೋಗ ಮಿರಜಿನಲ್ಲಿ ಗೊತ್ತಾಗುವಷ್ಟರಲ್ಲಿ ಕಾಲ ಮೀರಿತ್ತು. ಅಂದು ಜತ್ತದಲ್ಲಿ ಇಂಥದೊಂದು ನಾಯಿ ಇದ್ದಿದ್ದರೆ, ಅದು ಹೇಗೆ ಹುಟ್ಟಿತೆಂದು ನಾನು ಕೇಳುತ್ತಿರಲಿಲ್ಲ. ಆದುದರಿಂದ ಪರರಿಗೆ ಉಪದೇಶಿಸುವ ಅಧಿಕಾರ ನನಗಿಲ್ಲ. ಆದರೂ ಲೆಕ್ಕದ ಮಾಸ್ತರನಾಗಿದ್ದವನಿಗೆ 123 ಎಂಬ ಅಂಕಿ ಕಣ್ಣಿಗೆ ಚುಚ್ಚುತ್ತದೆ.

ಇಷ್ಟು ಮಾಡಿಯೂ ಸಿಗುವುದು ಒಡಲು ಮಾತ್ರ, ವಿದ್ಯೆಯಲ್ಲ. ತದ್ರೂಪಿ ಮರಿಗೂ ಮೊದಲಿನಿಂದ ಕಲಿಸಲೇಬೇಕು. ಜಾಣ ತಂದೆಯ ಮಗನೂ ಒಂದನೆಯ ಇಯತ್ತೆಯಿಂದಲೇ ಓದಬೇಕಷ್ಟೆ! ನಮ್ಮ ಸೇನೆಯವರು 2021ರಲ್ಲಿ ಬೆವರು, ಮೂತ್ರಗಳಿಂದ ಕೋವಿಡ್ ಗುರುತಿಸಲು ಕಲಿಸಿದ ನಾಯಿಗಳಲ್ಲಿ ಕ್ಯಾಸ್ಪರ್ ಕಾಕರ್ ಸ್ಪ್ಯಾನಿಯಲ್, ಜಯಾ ಮತ್ತು ಮಣಿ ತಮಿಳುನಾಡಿನ ಚಿಪ್ಪಿಪಾರೈ. ಎರಡು ತಳಿ, ಎರಡು ಬಗೆಯ ಒಡಲು, ಕಲಿತದ್ದು ಒಂದೇ ಪಾಠ. ನಮ್ಮ ತಾಲೂಕಿನ ಮಾಡಗ್ಯಾಳ ಕುರಿಯನ್ನೂ ಹಿರಿಯರು ಪ್ರಯೋಗಶಾಲೆಯಲ್ಲಿ ಪಡೆದವರಲ್ಲ. ತಲೆಮಾರುಗಳ ಕಾಲ ಒಳ್ಳೆಯದನ್ನು ಆರಿಸಿ ಬೆಳೆಸಿದರು.

ಚಿಪ್ಪಿಪಾರೈಯಂತೆ ಮುಧೋಳ ನಾಯಿಯೂ ಕಣ್ಣಿನಿಂದ ಬೇಟೆಯಾಡುವ ತಳಿ. ಮಣಿಗೆ ಬಂದ ವಿದ್ಯೆ ಅದಕ್ಕೂ ಬಂದೀತೆಂದು ನನ್ನ ಊಹೆ. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವಿದೆ, ನಮಗೆ ಬಹು ದೂರವೇನಲ್ಲ. ಪಶುವೈದ್ಯಕೀಯ ಓದಿದ ನಮ್ಮ ಶಾಲೆಯ ಮಕ್ಕಳು ಯಾರಾದರೂ ಅಲ್ಲಿ ವಿಚಾರಿಸಿ ನನಗೊಂದು ಪತ್ರ ಬರೆದರೆ ಉಪಕಾರವಾಗುವುದು.